ಊರಿಗೆ ಹೋಗಿ ಪತ್ರಾ ಬರೀತೀವಿ

ಶೀಲಾವತಿಗೆ ನಲವತ್ತೊಂದು ವರ್ಷ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಸೋಲಾಪುರಕ್ಕೆ ಕೊಟ್ಟು, ಹೋದ ದೀಪಾವಳಿಗೆ ಅಜ್ಜಿಯೂ ಆಗಿದ್ದಳು. ಇಷ್ಟೆಲ್ಲ ಆದಮೇಲೆ, ೧೯೭೩ರ ಬೇಸಿಗೆಯಲ್ಲಿ, ಮುಂಬಯಿಯ ಘಾಟ್ಕೋಪರದ ಚಾಳಿನ ಎರಡನೇ ಮಾಳಿಗೆಯ ಹದಿನಾಲ್ಕನೇ ಖೋಲಿಯಲ್ಲಿ, ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅವಳನ್ನು ಹೆಣ್ಣು ನೋಡಲು ಬರುತ್ತಿದ್ದರು.

ಬರುತ್ತಿದ್ದವಳು ಹೊರಗಿನವಳಲ್ಲ, ಅವಳ ಸ್ವಂತ ಅತ್ತೆ ಚನ್ನವ್ವ. ದೂರದಿಂದ ಬರುವುದೂ ಇಲ್ಲ. ಒಳಗಿನ ಮಂಚದಿಂದ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಗ್ಯಾಲರಿಯ ಆ ತುದಿಯ ನಳದವರೆಗೆ ನಡೆದು, ಅಲ್ಲಿಂದ ತಿರುಗಿ ತನ್ನದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಮನ್ಯಾಗ ಯಾರದಾರ್ರೀ? ಬೈಲಹೊಂಗಲದ ಕಡಿಯವರು ಬಂದೀವಿ. ಹುಡಿಗಿ ನೋಡಾಕ."

ಚನ್ನವ್ವನ ನೆನಪು ಒಮ್ಮೆಲೇ ಹೋದದ್ದಲ್ಲ. ಮೊದಲು ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಹೋಯಿತು. ಆಮೇಲೆ ಗಂಡ ಶೆಟ್ಟೆಪ್ಪ ತೀರಿಕೊಂಡದ್ದು ಹೋಯಿತು. ಅದರ ಹಿಂದೆಯೇ ಮುಂಬಯಿ ಎಂಬ ಊರು ಹೋಯಿತು. ಕೊನೆಗೆ ಶೀಲಾವತಿಯೂ ಹೋದಳು. ಸ್ಟೇಶನ್ ರೋಡಿನ ಗುಜರಾತಿ ಡಾಕ್ಟರು ಮುದುಕಿಯ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಮಾಜೀ ಕಾ ದಿಮಾಗ್ ಬೂಢಾ ಹೋ ಗಯಾ" ಎಂದು ಕೆಂಪು ಟಾನಿಕ್ ಬರೆದುಕೊಟ್ಟರು. ಮುದುಕಿ ಮುದುಕಿಯಾಗಿದ್ದಾಳೆ ಎಂದು ತಿಳಿಯಲು ಅಷ್ಟು ಕಲಿಯಬೇಕಾಗಿತ್ತೆ ಎಂದು ಶೀಲಾವತಿ ಮನಸ್ಸಿನಲ್ಲೇ ಅಂದುಕೊಂಡಳು.

ತಾಯಿಯನ್ನು ಆರು ತಿಂಗಳು ಹಿರಿಯ ಮಗ ಬಸವಂತಪ್ಪ, ಆರು ತಿಂಗಳು ಕಿರಿಯ ಮಗ ಅಣವೀರಪ್ಪ ನೋಡಿಕೊಳ್ಳಬೇಕೆಂದು ಹಿರಿಯರ ಮುಂದೆ ಮಾತಾಗಿತ್ತು. ಅಣವೀರಪ್ಪನೆಂದರೆ ಶೀಲಾವತಿಯ ಗಂಡ, ಮುಂಬಯಿಯ ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಕಾರಕೂನ. ಅವನ ಪಾಳಿಯ ಆರು ತಿಂಗಳು ಶುರುವಾಗಿ ನಾಲ್ಕು ವರ್ಷವಾದರೂ ಇನ್ನೂ ಮುಗಿದಿರಲಿಲ್ಲ. ಬಸವಂತಪ್ಪನದು ದಾದರದಲ್ಲಿ ಅರಿವೆ ಅಂಗಡಿ, ಮೂರು ಖೋಲಿಯ ಮನೆ. ಆದರೆ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಆ ಮನೆಗೆ ಸುಣ್ಣ ಹಚ್ಚುವುದಿರುತ್ತಿತ್ತು. ಸುಣ್ಣ ಆರಿದರೆ ಮಕ್ಕಳ ಪರೀಕ್ಷೆ, ಪರೀಕ್ಷೆ ಮುಗಿದರೆ ಅವನ ಹೆಂಡತಿ ಕಸ್ತೂರಿಬಾಯಿಗೆ ಸೊಂಟನೋವು. "ಅತ್ತೀಗೆ ನಿನ್ನ ಮ್ಯಾಲ ಭಾಳ ಪ್ರೀತಿ, ಶೀಲಾ" ಎಂದು ಅವಳು ಬಂದಾಗಲೆಲ್ಲ ಹೇಳಿ ಹೋಗುತ್ತಿದ್ದಳು.

ಆ ಪ್ರೀತಿಯ ಕಥೆ ಹೀಗಿದೆ. ಇಪ್ಪತ್ತೆರಡು ವರ್ಷದ ಹಿಂದೆ ಚನ್ನವ್ವ ಗಂಡನ ಜೊತೆ ಶೀಲಾವತಿಯ ತವರಿಗೆ ಹೆಣ್ಣು ನೋಡಲು ಬಂದವಳು, ಹುಡುಗಿಯನ್ನು ಒಪ್ಪಿರಲಿಲ್ಲ. ಕಣ್ಣು ಎದುರು ಮಾತಾಡುವಂಥವು ಅನ್ನಿಸಿತಂತೆ. ಆದರೆ ಆ ಕಡೆ ಒಂದು ಪದ್ಧತಿ. ಒಪ್ಪಿಗೆಯಾಗಿ ಸಕ್ಕರೆ ಹಂಚುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಊಟ ಮಾಡಬಾರದು. ಚಹಾ ನಡೆಯುತ್ತದೆ, ಎರಡು ಚಮಚೆ ಅವಲಕ್ಕಿ ನಡೆಯುತ್ತದೆ, ಎಲೆ ಹಾಕಿಸಿಕೊಂಡು ಕೂರುವಂತಿಲ್ಲ. ಶೆಟ್ಟೆಪ್ಪ ನಸುಕಿನಿಂದ ಚಕ್ಕಡಿಯಲ್ಲಿ ಕುಲುಕಿಕೊಂಡು ಬಂದ ಮನುಷ್ಯ. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಹೆಂಡತಿ "ಊರಿಗೆ ಹೋಗಿ ಪತ್ರಾ ಬರೀತೀವಿ" ಎಂದು ಬೇಡವೆನ್ನುವ ಮಾತನ್ನು ಮರ್ಯಾದೆಯಿಂದ ಆಡಿ ಎದ್ದು ನಿಲ್ಲುವಷ್ಟರಲ್ಲಿ, "ಹುಡಿಗಿ ಒಪ್ಪಿಗಿ ಐತಿ, ಸಕ್ಕರಿ ತರ್ರಿ" ಎಂದುಬಿಟ್ಟ. ಐದು ರೊಟ್ಟಿ ಉಂಡ.

"ನಿಮ್ಮ ಮಾವಗ ಹಸಿವಿ ತಡೀಲಿಲ್ಲ, ಅದಕ್ಕ ನೀ ಈ ಮನಿಗೆ ಬಂದಿ" ಎಂದು ಚನ್ನವ್ವ ಸೊಸೆಗೆ ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದಳು. ಜ್ಞಾಪಕ ಚೆನ್ನಾಗಿದ್ದ ಕಾಲದಲ್ಲಿ ಆ ಮಾತನ್ನು ಒಂದು ದಿನವೂ ಮರೆಯಲಿಲ್ಲ. ಕಸ್ತೂರಿಬಾಯಿ ಮಾತ್ರ ಅವಳೇ ಊರೂರು ತಿರುಗಿ ಆರಿಸಿ ತಂದ ಸೊಸೆ.

ಈಗ ಎಲ್ಲ ಮರೆತರೂ ಪದ್ಧತಿ ಮಾತ್ರ ಮರೆತಿರಲಿಲ್ಲ. ಒಪ್ಪಿಗೆಯಾಗದ ಮನೆಯಲ್ಲಿ ಮುದುಕಿ ಊಟಕ್ಕೆ ಕೂರುತ್ತಿರಲಿಲ್ಲ. ಅವಲಕ್ಕಿಯನ್ನೇ ಜಾಸ್ತಿ ಹಾಕಿಕೊಟ್ಟು ನೋಡಿದ್ದಾಯಿತು. ಎರಡು ಚಮಚೆ ತಿಂದು ತಾಟು ಸರಿಸುತ್ತಿದ್ದಳು. ತಾಟು ಬಳಿದು ತಿಂದರೆ ಗಂಡಿನ ಕಡೆಯವರು ಬರಗೆಟ್ಟವರು ಅಂದಾರು ಎಂಬ ಎಚ್ಚರ. ಸಂಜೆ ಒಂದು ಲೋಟ ಹಾಲು, ಅದೂ ಹತ್ತು ಸಲ ರಮಿಸಿದಮೇಲೆ. ಹೀಗಾಗಿ ಅತ್ತೆಯ ಹೊಟ್ಟೆಗೆ ಅನ್ನ ಬೀಳಬೇಕಾದರೆ ಸೊಸೆ ದಿನಾ ಪಾಸಾಗಬೇಕಾಗಿತ್ತು.

ಮ್ಯಾಟ್ರಿಕ್ ಪರೀಕ್ಷೆಯೂ ಅಷ್ಟು ಕಠಿಣವಿರಲಾರದು. ಮೊದಲನೆಯ ತೊಡಕೆಂದರೆ ಕೊರಳ ತಾಳಿ. "ಅಯ್ಯ, ಮದುವ್ಯಾದಾಕಿನ್ನ ತೋರಸ್ತೀರೇನ್ರಿ?" ಎಂದು ಮುದುಕಿ ಮೊದಲ ದಿನವೇ ರಂಪ ಮಾಡಿದ್ದಳು. ಅಂದಿನಿಂದ ಶೀಲಾವತಿ ಹನ್ನೆರಡಕ್ಕೆ ಐದು ನಿಮಿಷವಿರುವಾಗ ತಾಳಿಯನ್ನು ಕುಪ್ಪಸದೊಳಗೆ ತುರುಕಿ, ಕೊರಳು ಸುತ್ತ ಸೆರಗು ಬಿಗಿದು, ಕಾಲುಂಗುರ ಕಾಣದಂತೆ ನೆರಿಗೆ ಜಗ್ಗಿಕೊಳ್ಳುತ್ತಿದ್ದಳು. ಗಂಡನಿದ್ದೂ ತಾಳಿ ಮುಚ್ಚಿಡುವುದು ತನ್ನ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ಅಣವೀರಪ್ಪ ಒಮ್ಮೆ ಗೊಣಗಿದ. "ಹಂಗಾದ್ರ ನೀವು ಕೂಡ್ರಿ ಹುಡಿಗ್ಯಾಗಿ" ಎಂದು ಶೀಲಾವತಿ ಸೀರೆಯೊಂದನ್ನು ಅವನ ಮುಂದೆ ಹಿಡಿದಳು. ಅವನು ಆಫೀಸಿಗೆ ಹೊತ್ತಾಯಿತೆಂದು ಹೋದ. ಅಂದು ರವಿವಾರವಾಗಿತ್ತು.

ಎರಡನೆಯದು ಕೂದಲು. ಬೈತಲೆ ಬೆಳ್ಳಗಾದದ್ದು ಕಂಡು, "ಹುಡಿಗಿಗೆ ವಯಸ್ಸು ಸ್ವಲ್ಪ ಏರೈತಿ ಅನಸ್ತೈತಿ" ಎಂದು ಮುದುಕಿ ಬಾಯಿ ಸೊಟ್ಟ ಮಾಡಿದ್ದಕ್ಕೆ, ಶೀಲಾವತಿ ಜೀವನದಲ್ಲಿ ಮೊದಲ ಸಲ ತಲೆಗೆ ಕಪ್ಪು ಹಚ್ಚಿದಳು. ಅಜ್ಜಿಯಾದಮೇಲೆ ಇವಳಿಗೆ ಈ ಹರೆಯ ಯಾಕೆ ಬಂತು ಎಂದು ಚಾಳಿನ ಹೆಂಗಸರು ನಳದ ಹತ್ತಿರ ಒಂದು ವಾರ ಚರ್ಚೆ ಮಾಡಿದರು. ಕಾರಣ ಗೊತ್ತಾದಮೇಲೆ ದಿನಾ ಹನ್ನೆರಡಕ್ಕೆ ಬಾಗಿಲಲ್ಲಿ ಬಂದು ನಿಲ್ಲತೊಡಗಿದರು. ಟಿಕೀಟಿಲ್ಲದ ಆಟ, ಯಾರು ಬಿಡುತ್ತಾರೆ? ಪಕ್ಕದ ಖೋಲಿಯ ವಿಜಾಪುರದ ಹಾಲವ್ವನಂತೂ ಹುಡುಗಿಯ ಕಾಕಿಯಾಗಿ ಕಾಯಂ ನೇಮಕವಾಗಿದ್ದಳು. "ನಮ್ಮ ಹುಡಿಗಿ ಆಕಳಾ ಇದ್ದಂಗ ಐತಿ ನೋಡ್ರಿ ಬೀಗತಿ" ಎಂದು ಅವಳು ದಿನಾ ಹೇಳುತ್ತಿದ್ದಳು. ಅದೇ ಹಾಲವ್ವ ನೀರಿನ ಕೊಡದ ಸಲುವಾಗಿ ಬೆಳಿಗ್ಗೆ ಏಳಕ್ಕೆ ಆ ಆಕಳನ್ನು ಬೇರೆ ಪ್ರಾಣಿಗಳ ಹೆಸರಿನಿಂದ ಕರೆದಿರುತ್ತಿದ್ದಳು.

ಆಮೇಲೆ ನಡೆದು ತೋರಿಸಬೇಕು, ಸೂಜಿಗೆ ದಾರ ಪೋಣಿಸಬೇಕು. ಚಾಳೀಸಿನ ಕನ್ನಡಕ ಹಾಕಿಕೊಂಡರೆ ಕಣ್ಣು ಮಂದವೆಂದು ಬೇಡ, ಹಾಕಿಕೊಳ್ಳದಿದ್ದರೆ ಸೂಜಿಯೇ ಕಾಣುತ್ತಿರಲಿಲ್ಲ. ಕೊನೆಗೆ ರೊಟ್ಟಿ. ಆ ವರ್ಷ ರೇಶನ್ನಿನಲ್ಲಿ ಬರುತ್ತಿದ್ದದ್ದು ಅಮೇರಿಕಾದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ. ಅದರ ರೊಟ್ಟಿ ತಟ್ಟಿದರೆ ಇಟ್ಟಂಗಿಯ ಬಣ್ಣ, ಮುರಿದರೆ ಇಟ್ಟಂಗಿಯದೇ ಗುಣ. ಮುದುಕಿ ಅದನ್ನು ಬೆರಳಿನಿಂದ ಮುಟ್ಟಿ, ಹಾಲವ್ವನ ಕಡೆ ತಿರುಗಿ, "ಹೊತ್ತಾತ್ರಿ. ಊರಿಗೆ ಹೋಗಿ ಪತ್ರಾ ಬರೀತೀವಿ" ಎನ್ನುತ್ತಿದ್ದಳು. ಆಮೇಲೆ ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕೂತು ಚಕ್ಕಡಿಯ ದಾರಿ ಕಾಯುವಳು. ಕೆಳಗೆ ಲೋಕಲ್ ಗಾಡಿಗಳು ಹೋಗುತ್ತಿದ್ದವು, ಯಾವುದಕ್ಕೂ ಎತ್ತು ಕಟ್ಟಿರಲಿಲ್ಲ.

ಮೊದಮೊದಲು ಶೀಲಾವತಿ ವಾರಕ್ಕೆ ನಾಲ್ಕು ದಿನವಾದರೂ ಪಾಸಾಗುತ್ತಿದ್ದಳು. ಒಪ್ಪಿದ ದಿನ ಮುದುಕಿ ಎಲ್ಲರಿಗೂ ಚಿಟಿಕೆ ಸಕ್ಕರೆ ಹಂಚಿ, ಸಂತೋಷದಿಂದ ಎರಡು ರೊಟ್ಟಿ ಉಣ್ಣುತ್ತಿದ್ದಳು. ಕೆಂಪು ಜೋಳ ಬಂದಮೇಲೆ ಅದು ಎರಡು ದಿನವಾಯಿತು, ಆಮೇಲೆ ಒಂದೇ ದಿನ. ಈಗ ಒಂಬತ್ತು ದಿನದಿಂದ ಸತತ ನಾಪಾಸು. ಮುದುಕಿಯ ಕೈಯ ಬೆಳ್ಳಿ ಕಡಗ ಮೊಣಕೈಯವರೆಗೆ ಜಾರುತ್ತಿತ್ತು.

ಹತ್ತನೆಯ ದಿನ ರವಿವಾರ. ಬೆಳಿಗ್ಗೆ ಹತ್ತಕ್ಕೆ ಬಸವಂತಪ್ಪ ಇಸ್ತ್ರಿ ಧೋತರ ಉಟ್ಟು, ಕಸ್ತೂರಿಬಾಯಿ ಆರು ಬಾಳೆಹಣ್ಣು ಹಿಡಿದು ಬಂದರು. ಬಂದವನೇ ಬಸವಂತಪ್ಪ ತಾಯಿಯನ್ನು ಟ್ಯಾಕ್ಸಿಯಲ್ಲಿ ಘಾಟ್ಕೋಪರ್ ಸ್ಟೇಶನ್ನಿಗೆ ಕರೆದೊಯ್ದು, ಪ್ಲಾಟ್‌ಫಾರ್ಮಿನ ತೂಕದ ಮಶೀನಿನ ಮೇಲೆ ನಿಲ್ಲಿಸಿ, ಹತ್ತು ಪೈಸೆ ಹಾಕಿ ಚೀಟಿ ತಂದ. ಒಂದು ಬದಿಗೆ ಮೂವತ್ತೇಳು ಕಿಲೋ ಎಂದಿತ್ತು. ಇನ್ನೊಂದು ಬದಿಗೆ ಭವಿಷ್ಯ: ನೀವು ಸರಳ ಸ್ವಭಾವದವರು, ಇತರರನ್ನು ಬೇಗ ಮೆಚ್ಚಿಕೊಳ್ಳುತ್ತೀರಿ.

"ಹೋದ ವರ್ಷ ನಲವತ್ತಾರಿತ್ತು" ಎಂದ ಬಸವಂತಪ್ಪ, ಚೀಟಿಯನ್ನು ಪೋಲೀಸರ ಹಾಗೆ ಎತ್ತಿ ಹಿಡಿದು. "ಒಂಬತ್ತ ಕಿಲೋ ಎಲ್ಲಿ ಹೋತು?"

ಒಂಬತ್ತು ಕಿಲೋವನ್ನು ಶೀಲಾವತಿಯೇ ಕದ್ದು ಬಚ್ಚಿಟ್ಟಿದ್ದಾಳೆ ಎನ್ನುವ ಹಾಗೆ ಎಲ್ಲರೂ ಅವಳ ಕಡೆ ನೋಡಿದರು. ಅಣವೀರಪ್ಪ ಪೇಪರು ಬಿಡಿಸಿ ಅದರ ಹಿಂದೆ ಸೇರಿಕೊಂಡ.

"ನಾ ಎಲ್ಲಾ ವಿಚಾರ ಮಾಡೀನಿ" ಎಂದು ಬಸವಂತಪ್ಪ ಮುಂದುವರಿಸಿದ. "ನಮ್ಮ ಗಿರಾಕಿ ಡಾಕ್ಟರೊಬ್ಬರ ನರ್ಸಿಂಗ್ ಹೋಮ್ ಐತಿ. ನಾಳೆ ಅಲ್ಲಿ ಸೇರಸ್ತೀನಿ. ಮೂಗಿನ್ಯಾಗ ನಳಗಿ ಹಾಕಿ ಅನ್ನದ ನೀರು ಬಿಡ್ತಾರ. ಕಿತ್ತಗೋಬಾರದಂತ ಕೈ ಎರಡೂ ಮಂಚಕ್ಕ ಕಟ್ಟತಾರ, ಅಷ್ಟs."

"ನಾವೂ ದಿನಾ ಅಲ್ಲದಿದ್ರೂ ರವಿವಾರಕ್ಕೊಮ್ಮೆ ಹೋಗಿ ನೋಡಿ ಬರ್ತೀವಿ" ಎಂದು ಕಸ್ತೂರಿಬಾಯಿ ಕಣ್ಣೊರೆಸಿಕೊಂಡಳು.

ಅತ್ತೆಯ ಮೇಲೆ ಶೀಲಾವತಿಗೇನು ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಬೈಸಿಕೊಂಡವಳಿಗೆ ಹೇಗೆ ಉಕ್ಕುತ್ತದೆ? ಆದರೆ ಆ ಕೈಗಳು ಅವಳಿಗೆ ಗೊತ್ತಿದ್ದವು. ಬಾಣಂತನದಲ್ಲಿ ಅವಳ ತಲೆಗೆ ಎಣ್ಣೆ ಬಡಿದ ಕೈಗಳು, ಬಡಿಯುತ್ತ ಬಡಿಯುತ್ತ ಅವಳ ತವರನ್ನೂ ಬೈದ ಕೈಗಳು. ಅವನ್ನು ಯಾರೋ ಬ್ಯಾಂಡೇಜು ಪಟ್ಟಿಯಿಂದ ಕಟ್ಟುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಜಗಳ ತನ್ನದು, ಮುದುಕಿಯೂ ತನ್ನವಳೇ.

"ಇವತ್ತ ಉಂಡ್ರ?" ಎಂದು ಕೇಳಿದಳು.

"ನನ್ನ ಕಣ್ಣೆದುರಿಗೆ ಉಣ್ಣಲಿ. ಉಂಡ್ರ ಮಾತs ಇಲ್ಲ" ಎಂದ ಬಸವಂತಪ್ಪ.

"ಅದೇನು ದೊಡ್ಡ ಮಾತು, ನಾ ಉಣಸ್ತೀನಿ. ನನ್ನ ಕೈಲೆ ಬ್ಯಾಡ ಅನ್ನಂಗಿಲ್ಲ" ಎಂದು ಕಸ್ತೂರಿಬಾಯಿ ಸೆರಗು ಸಿಕ್ಕಿಸಿ ಎದ್ದಳು. ತಾಟಿನಲ್ಲಿ ಅನ್ನ ಸಾರು ಕಲಸಿ ಮುದುಕಿಯ ಮುಂದೆ ಹಿಡಿದಳು. "ಅತ್ತೀರ, ನಾನ್ರಿ, ಕಸ್ತೂರಿ. ನೀವs ಆರಿಸಿ ತಂದ ಸೊಸಿ. ಬಾಯಿ ತಗೀರಿ. ಒಂದs ತುತ್ತು. ನನ್ನ ಮ್ಯಾಲ ಆಣಿ."

ಚನ್ನವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾತು ಕೇಳಿ ಹೆಂಗಸರ ಜೊತೆ ಬಾಗಿಲಿಗೆ ಬಂದಿದ್ದ ಹಾಲವ್ವನ ಕಿವಿಯಲ್ಲಿ ಎಂಬಂತೆ, ಆದರೆ ಇಡೀ ಗ್ಯಾಲರಿಗೆ ಕೇಳುವಂತೆ ಅಂದಳು. "ಹುಡಿಗಿ ಅವ್ವನೇನ್ರಿ ಈಕಿ? ಭಾಳ ಮಾತಾಡ್ತಾಳ. ಹುಡಿಗಿ ಹಿಂಗs ಇದ್ರ ನಮಗ ಬ್ಯಾಡ."

ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಸ್ತೂರಿಬಾಯಿ ತಾಟು ಕೆಳಗಿಟ್ಟು, ಇದೆಲ್ಲ ಯಾರೋ ಹೇಳಿಕೊಟ್ಟದ್ದು ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕಾಗಿಯೇ ಇರುತ್ತದೆ.

ಹನ್ನೆರಡು ಹೊಡೆಯಿತು. ಶೀಲಾವತಿ ಒಳಗೆ ಹೋಗಿ ತಾಳಿ ತುರುಕಿಕೊಂಡಳು, ಸೆರಗು ಬಿಗಿದಳು. ಆ ದಿನದ ಮಟ್ಟಿಗೆ ಹಾಲವ್ವ ತನ್ನ ಊರಿನಿಂದ ಬಂದ ಬಿಳಿ ಜೋಳದ ಹಿಟ್ಟು ಒಂದು ಬಟ್ಟಲು ಕೊಟ್ಟಿದ್ದಳು. ಬೈದರೂ ಹಿಟ್ಟು ಕೊಡುವ ನೆರೆಯವಳು ಆಕೆ. ನಾಲ್ಕು ರೊಟ್ಟಿ ಬೆಳ್ಳಗೆ ಉಬ್ಬಿ ಬಂದಿದ್ದವು, ಬದನೆಕಾಯಿ ಎಣ್ಣೆಗಾಯಿಯೂ ಆಗಿತ್ತು. ರೊಟ್ಟಿಯಲ್ಲಿ ಇವತ್ತು ಸೋಲುವ ಹಾಗಿರಲಿಲ್ಲ.

ಆದರೆ ರೊಟ್ಟಿಯವರೆಗೆ ಪರೀಕ್ಷೆ ಹೋಗಲೇ ಇಲ್ಲ. ಹೆಸರು ಹೇಳಿದ್ದಾಯಿತು, ನಡೆದು ತೋರಿಸಿದ್ದಾಯಿತು. ಭಾವ, ನೆಗೆಣ್ಣಿ, ಗಂಡ, ಅರ್ಧ ಚಾಳು ನೋಡುತ್ತಿರುವಾಗ ಸೂಜಿಯ ಕಣ್ಣು ಶೀಲಾವತಿಯ ಕಣ್ಣಿಗೆ ಬೀಳಲಿಲ್ಲ. ಒಮ್ಮೆ, ಎರಡು ಸಲ, ಮೂರನೆಯ ಸಲ ಬೆರಳಿಗೇ ಚುಚ್ಚಿಕೊಂಡಿತು. ಚನ್ನವ್ವ ಮೊಣಕಾಲಿಗೆ ಕೈ ಊರಿ ಎದ್ದಳು.

"ಹೊತ್ತಾತ್ರಿ. ಊರಿಗೆ ಹೋಗಿ ಪತ್ರಾ..."

"ಬರೀಬ್ಯಾಡ್ರಿ" ಎಂದಳು ಶೀಲಾವತಿ.

ಧ್ವನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಆದರೆ ಬಾಯಿ ಬಿಟ್ಟಾಗಿತ್ತು, ಇನ್ನು ಮುಚ್ಚುವುದರಲ್ಲಿ ಅರ್ಥವಿರಲಿಲ್ಲ. "ಪತ್ರಾ ಬರೀಬ್ಯಾಡ್ರಿ. ನನಗs ನಿಮ್ಮ ಮನಿ ಒಪ್ಪಿಗಿ ಇಲ್ಲ."

ಹೆಣ್ಣು ನೋಡುವ ಶಾಸ್ತ್ರ ಹುಟ್ಟಿದಾಗಿನಿಂದ ಹುಡುಗಿಯೊಬ್ಬಳು ಹೀಗೆ ಹೇಳಿದ್ದನ್ನು ಆ ಚಾಳಿನಲ್ಲಿ ಯಾರೂ ಕೇಳಿರಲಿಲ್ಲ. ಚನ್ನವ್ವ ನಿಂತವಳು ಮೆಲ್ಲಗೆ ಮತ್ತೆ ಕೂತಳು.

"ಯಾಕ?" ಎಂದಳು. "ನನ್ನ ಮಗಗ ಏನ ಕಡಿಮಿ ಆಗೈತಿ?"

"ಹುಡುಗ ಬಾಯಿ ಸತ್ತಾಂವ ಅಂತ ಕೇಳೀನ್ರಿ. ಅವ್ವ ಅಂದ್ರ ಹೂಂ, ಅಣ್ಣ ಅಂದ್ರ ಹೂಂ. ಹೇಣ್ತಿಗೆ ಮಂದಿ ಏನ ಅಂದ್ರೂ ಪೇಪರ ಹಿಡ್ಕೊಂಡು ಕೂಡ್ತಾನಂತ."

ಪೇಪರು ಒಂದು ಗೇಣು ಕೆಳಗಿಳಿಯಿತು.

"ಅಣ್ಣ ಅಂಗಡಿ ತಕ್ಕಡಿ ಹಿಡದಂಗ ಮನಿಮಂದಿನ್ನೂ ತೂಗ್ತಾನಂತ. ಇನ್ನ ಅತ್ತಿ... ಅತ್ತಿ ಬಾಯಿ ಭಾಳ ಜೋರಂತ."

"ಅತ್ತಿ ಅಂದ್ರ ನಾನs" ಎಂದಳು ಚನ್ನವ್ವ. "ಜೋರು ಹೌದು. ಸುಳ್ಳಲ್ಲ."

ಬಸವಂತಪ್ಪ, "ಸಾಕು ಬಿಡವಾ ಈ ನಾಟಕ" ಎಂದು ಎದ್ದ. ಮುದುಕಿ ಕೈಯೆತ್ತಿ ಅವನನ್ನು ಕೂರಿಸಿದಳು. ಯಾರೆಂದು ಗೊತ್ತಿರದಿದ್ದರೂ ಕೂರಿಸುವುದು ಗೊತ್ತಿತ್ತು. ಆಮೇಲೆ ಶೀಲಾವತಿಯ ಹತ್ತಿರ ಜರುಗಿ, ಸೂಜಿ ಚುಚ್ಚಿದ ಆ ಬೆರಳನ್ನು ಹಿಡಿದುಕೊಂಡಳು.

"ನನ್ನ ನೋಡಾಕ ಬಂದಾಗ ನನಗೂ ಹಿಂಗs ಅನ್ನಬೇಕು ಅಂತಿತ್ತವಾ. ಬಾಯಿ ಬರಲಿಲ್ಲ. ನೀ ಅಂದಿ, ಚೊಲೋ ಆತು. ಈಗ ನನ್ನ ಮಾತ ಕೇಳು. ನನಗ ಇಬ್ಬರು ಗಂಡುಮಕ್ಕಳು. ಹೊಟ್ಟೀಲೆ ಒಂದು ಹೆಣ್ಣು ಹುಟ್ಟಲಿಲ್ಲ. ನಾಳೆ ನಾ ಮುದುಕಿ ಆಗ್ತೀನಿ. ಗಂಡುಮಕ್ಕಳು ಮುದುಕೀಗೆ ಒಂದು ತಂಬಗಿ ನೀರು ಕೊಡ್ತಾರೇನು? ಯಾರೋ ಒಬ್ಬಾಕಿ ಮನಿಗೆ ಬರಬೇಕಲ್ಲ, ಅದಕ್ಕ ಊರೂರು ತಿರಗಾಕತ್ತೀನಿ. ಬಾ ಅಂದ್ರ ಯಾರೂ ಬರವಲ್ಲರು."

ಬಸವಂತಪ್ಪ ಕೈಯಲ್ಲಿದ್ದ ತೂಕದ ಚೀಟಿಯನ್ನು ಮಡಚಿದ, ಮತ್ತೆ ಮಡಚಿದ, ಅದು ಇನ್ನು ಮಡಚಲಾಗದಷ್ಟು ಸಣ್ಣದಾಯಿತು. ಕಸ್ತೂರಿಬಾಯಿಗೆ ಈ ಸಲ ಒರೆಸಿಕೊಳ್ಳಲು ಕಣ್ಣೀರು ಬರಲಿಲ್ಲ.

ಶೀಲಾವತಿ ಅತ್ತೆಯ ಕೈಯಲ್ಲಿ ಪಳಗಿದ ಸೊಸೆ, ಹಿಡಿದ ಪಟ್ಟು ಬಿಡಲಿಲ್ಲ. "ನಮ್ಮ ಮನ್ಯಾಗೂ ಒಂದು ಪದ್ಧತಿ ಐತ್ರಿ. ಹುಡಿಗಿ ಕೈ ಅಡಗಿ ಉಂಡವರ ಕೂಡ ಅಷ್ಟs ಮಾತು ಮುಂದವರಸ್ತೀವಿ. ಉಣ್ಣಲಾರದವರಿಗೆ ಹುಡಿಗಿ ಕೊಡೂದಿಲ್ಲ."

ಚನ್ನವ್ವ ಹಾಲವ್ವನನ್ನು ನೋಡಿದಳು. "ಹೌದ್ರಿ ಬೀಗತಿ, ನಮ್ಮಲ್ಲಿ ಹಂಗs" ಎಂದು ಹಾಲವ್ವ ಅಷ್ಟೇನೂ ಹಿಂದುಮುಂದು ನೋಡದೆ ಹೊಸ ಪದ್ಧತಿಯೊಂದಕ್ಕೆ ಸಾಕ್ಷಿಯಾದಳು. ಮುದುಕಿ ತಮ್ಮ ಪದ್ಧತಿ, ಇವರ ಪದ್ಧತಿ ಎರಡನ್ನೂ ಮನಸ್ಸಿನಲ್ಲಿ ಹಾಕಿ ಅಳೆಯುತ್ತ ಕೂತಳು. ಕೊನೆಗೆ ತಲೆಯ ಸೆರಗು ಸರಿಮಾಡಿಕೊಂಡು, "ಕೈಗೆ ನೀರು ಕೊಡ್ರಿ" ಎಂದಳು.

ಎರಡು ರೊಟ್ಟಿ ಉಂಡಳು, ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡಳು, ಮೂರನೆಯ ರೊಟ್ಟಿಯ ಅರ್ಧವನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದಳು. ಒಂದು ಹೆಂಗಸು ರೊಟ್ಟಿ ತಿನ್ನುವುದನ್ನು ಇಪ್ಪತ್ತು ಮಂದಿ ಅಷ್ಟು ಗಮನವಿಟ್ಟು ನೋಡಿದ್ದು ಆ ಚಾಳಿನಲ್ಲಿ ಅದೇ ಮೊದಲು. ಕೈ ತೊಳೆದು, ಶೀಲಾವತಿಯ ಸೆರಗಿಗೇ ಒರೆಸಿಕೊಂಡು, ಕೇಳಿದಳು.

"ಉಂಡೆ. ಈಗ ಹೇಳು ಹುಡಿಗಿ. ಬರ್ತೀಯೋ, ಇಲ್ಲೋ?"

"ಬರ್ತೀನ್ರಿ" ಎಂಬ ಮಾತು ಶೀಲಾವತಿಯ ತುಟಿಯವರೆಗೆ ಬಂದಿತ್ತು. ಇಪ್ಪತ್ತೆರಡು ವರ್ಷದಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಅತ್ತೆ ತಾನಾಗಿ ಕೇಳುತ್ತಿದ್ದಳು. ಆದರೆ ಇನ್ನು ಒಂದು ತಾಸಿಗೆ ಮುದುಕಿಗೆ ಇದಾವುದೂ ನೆನಪಿರುವುದಿಲ್ಲ. ಹೂಂ ಅಂದರೂ ಅಷ್ಟೇ, ಒಲ್ಲೆ ಅಂದರೂ ಅಷ್ಟೇ. ನೆನಪಿಟ್ಟುಕೊಳ್ಳಬೇಕಾದವಳು ತಾನೊಬ್ಬಳೇ. ಹಾಗಿದ್ದಮೇಲೆ ತನಗೆ ಇಷ್ಟವಾದದ್ದನ್ನೇ ನೆನಪಿಟ್ಟುಕೊಳ್ಳಬಾರದೇಕೆ?

"ನೀವು ಊರಿಗೆ ಹೋಗಿರ್ರಿ" ಎಂದಳು. "ಪತ್ರಾ ಬರೀತೀವಿ."

ಚನ್ನವ್ವ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅತ್ತೆ ತನ್ನನ್ನು ನೋಡಿ ಹಾಗೆ ನಕ್ಕದ್ದನ್ನು ಶೀಲಾವತಿ ಆವರೆಗೆ ಕಂಡಿರಲಿಲ್ಲ.

"ಪತ್ರಾ ಬ್ಯಾಡ. ನಾಳೆ ನಾನs ಬರ್ತೀನಿ. ಇಂಥಾಕಿನ್ನ ನಾ ಬಿಡೂದಿಲ್ಲ."

ಶೀಲಾವತಿ ತಾಟು ಎತ್ತಿಕೊಂಡು ಒಳಗೆ ಹೋಗಿ ಮೋರಿಯ ಹತ್ತಿರ ಕೂತು ಅತ್ತಳು. ದುಃಖಕ್ಕಲ್ಲ. ಪಾಸಾದೆನೆಂದು ಅತ್ತಳು. ಅತ್ತು ಮುಖ ತೊಳೆದು, ತಾಳಿಯನ್ನು ಹೊರಗೆ ಎಳೆದುಕೊಂಡು, ಬಸವಂತಪ್ಪನ ಮುಂದೆ ಒಂದು ಖಾಲಿ ಚೀಲ ತಂದಿಟ್ಟಳು.

"ಭಾವನಾರ, ಬಿಳಿ ಜೋಳ ದಾದರದಾಗ ಸಿಗ್ತಾವಂತ. ಬೀಸಿಸಿ, ನಾಳೆ ಹನ್ನೊಂದರ ಒಳಗ ಮುಟ್ಟಸ್ರಿ. ಇನ್ನ ಮ್ಯಾಲ ಅದು ನಿಮ್ಮ ಪಾಳಿ."

ನಾಳೆ ಅಂಗಡಿಗೆ ಸುಣ್ಣ ಹಚ್ಚುವುದಿದೆ ಎಂದು ಬಸವಂತಪ್ಪ ಬಾಯಿ ತೆರೆದ. ಪೇಪರು ಪೂರ್ತಿ ಕೆಳಗಿಳಿಯಿತು. "ತಂದು ಕೊಡಣ್ಣಾ" ಎಂದ ಅಣವೀರಪ್ಪ. ಅಷ್ಟು ಅಂದದ್ದಕ್ಕೆ ಅವನಿಗೇ ಬೆವರು ಬಂತು.

ಮರುದಿನ ಜೋಳದ ಹಿಟ್ಟು ಬಂತು. ಹನ್ನೆರಡಕ್ಕೆ ಚನ್ನವ್ವ ನಳದವರೆಗೆ ನಡೆದು, ತಿರುಗಿ ಬಾಗಿಲಿಗೆ ಬಂದಳು. ನಿನ್ನೆಯದು ಅವಳಿಗೆ ಒಂದೂ ನೆನಪಿರಲಿಲ್ಲ. ಹಾಲವ್ವ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ, ಹುಡುಗಿಯನ್ನು ಬೇಗ ಬಾ ಎಂದು ಕೂಗಿದಳು. ಶೀಲಾವತಿ ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಬಸಿಯಲ್ಲಿದ್ದದ್ದನ್ನು ಮುಗಿಸಿ, ಕಪ್ಪಿನಲ್ಲಿ ಉಳಿದದ್ದನ್ನು ಬಸಿಗೆ ಸುರುವಿಕೊಂಡಳು.

"ಸ್ವಲ್ಪ ಕೂಡ್ರಿ ಅಂತ ಹೇಳ ಹಾಲಕ್ಕಾ" ಎಂದಳು. "ಹುಡಿಗಿ ಇನ್ನೂ ವಿಚಾರ ಮಾಡಾಕತ್ತಾಳ."